ನೆರವು ಪಡೆದ ಹುಡುಗಿ ಶಾಲೆ ಬಿಡಲು ಹೊರಟಾಗ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ದಾವಣಗೆರೆಯ ಅನುದಾನಿತ ಕಥೋಲಿಕ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದ ಹುಡುಗಿಯನ್ನು ಆಕೆಯ ತಾಯಿ ಆಪ್ತಸಲಹೆಗೆಂದು ನನ್ನ ಬಳಿ ಕರೆತಂದರು. ತಂದೆ ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ವರ್ಷಗಟ್ಟಲೆ ದುಡಿದು, ಈಗ ಉಸಿರಾಟದ ತೊಂದರೆಯಿಂದ ಮನೆ ಹಿಡಿದಿದ್ದರು. ಭಟ್ಟಿಯಲ್ಲಿ ಚೀಲ ತುಂಬುವ ತಾಯಿಯ ಕೂಲಿಯಲ್ಲೇ ಸಂಸಾರ ಸಾಗಬೇಕಿತ್ತು. ಏಳನೇ ತರಗತಿಯವರೆಗೆ ಮೊದಲ ಸಾಲಿನಲ್ಲಿದ್ದ ಹುಡುಗಿ ಆರು ತಿಂಗಳಿನಿಂದ ಹೊಟ್ಟೆನೋವು ಎಂದು ಶಾಲೆ ತಪ್ಪಿಸುತ್ತಿದ್ದಳು. ಕಿರುಪರೀಕ್ಷೆಯೊಂದರಲ್ಲಿ ಖಾಲಿ ಹಾಳೆ ಕೊಟ್ಟು ಬಂದಿದ್ದಳು. ವೈದ್ಯರು ದೇಹದಲ್ಲಿ ದೋಷವೇನೂ ಇಲ್ಲವೆಂದಿದ್ದರು. “ಶಾಲೆ ಬಿಟ್ಟು ನನ್ನ ಜೊತೆ ಭಟ್ಟಿಗೆ ಬರ್ತೀನಿ ಅಂತಾಳೆ ಮೇಡಂ, ಇಷ್ಟೆಲ್ಲಾ ಫಾದರ್ ಸಹಾಯ ಮಾಡಿದ ಮೇಲೂ” ಎಂದು ತಾಯಿ ಅತ್ತರು.

ಆ ಕೊನೆಯ ಮಾತಿನಲ್ಲೇ ಸಮಸ್ಯೆಯ ಎಳೆ ಇತ್ತು. ಅನುದಾನಿತ ಶಾಲೆಯಲ್ಲಿ ಶಿಕ್ಷಕರ ವೇತನವನ್ನು ಸರ್ಕಾರ ಕೊಡುತ್ತದೆ, ಪಠ್ಯಪುಸ್ತಕ ಮತ್ತು ಬಿಸಿಯೂಟ ಹತ್ತನೇ ತರಗತಿಯವರೆಗೂ ಉಚಿತ. ಬಡ ಕುಟುಂಬವನ್ನು ಹಣ್ಣು ಮಾಡುವುದು ನೋಟ್‌ಬುಕ್, ಶೂ, ಪರೀಕ್ಷಾ ಶುಲ್ಕಗಳಂತಹ ಸುತ್ತಲಿನ ಖರ್ಚು. ಚರ್ಚು ಕೈಹಿಡಿಯುವುದು ಹೆಚ್ಚಾಗಿ ಇಲ್ಲಿಯೇ. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳು 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ (ಬಿಷಪ್ಪರ ಆಡಳಿತ ವ್ಯಾಪ್ತಿಗೆ) ಸೇರಿವೆ. ಧರ್ಮಕೇಂದ್ರದ, ಅಂದರೆ ಸ್ಥಳೀಯ ಚರ್ಚಿನ, ಗುರುಗಳು (ಫಾದರ್), ಶಾಲೆ ನಡೆಸುವ ಸಿಸ್ಟರುಗಳು, 1833ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿ ಇಂದು ಅನೇಕ ಧರ್ಮಕೇಂದ್ರಗಳಲ್ಲಿ ಕೆಲಸ ಮಾಡುವ ಸಂತ ವಿನ್ಸೆಂಟ್ ದೆ ಪೌಲ್ ಸಭೆ, ದೂರದ ದಾನಿಗಳು, ಹೀಗೆ ನೆರವಿನ ಮೂಲಗಳು ಹಲವು. ವಿನ್ಸೆಂಟ್ ಸಭೆಯ ಸದಸ್ಯರು ಮನೆಗೇ ಹೋಗಿ ಪರಿಸ್ಥಿತಿ ನೋಡಿ ನೆರವು ನಿರ್ಧರಿಸುತ್ತಾರೆ. ಈ ಹುಡುಗಿಯ ಮನೆಗೂ ಹಾಗೆಯೇ ಬಂದಿದ್ದರು, ಜಾತಿ ಧರ್ಮ ಕೇಳದೆ ವರ್ಷದ ಖರ್ಚು ವಹಿಸಿಕೊಂಡಿದ್ದರು.

ಹುಡುಗಿ ಬಾಯಿ ಬಿಡಲು ಸಮಯ ಹಿಡಿಯಿತು. ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ನೆರವು ಪಡೆಯುವವರ ಹೆಸರು ಓದಿ, ಸಾಲಾಗಿ ನಿಲ್ಲಿಸಿ, ನೋಟ್‌ಬುಕ್ ಕೈಗಿತ್ತು ಫೋಟೊ ತೆಗೆಯಲಾಗಿತ್ತು. ಅದಾದ ಮೇಲೆ ಕ್ರಿಸ್ಮಸ್ಸಿಗೆ ಮೊದಲು ದಾನಿಗೆ ಕೃತಜ್ಞತಾ ಪತ್ರ ಬರೆಯುವಂತೆ ಹೇಳಿದರು. ಬರೆದಳು, ಹರಿದಳು, ಮತ್ತೆ ಬರೆಯಲಾಗಲಿಲ್ಲ. ಅವಳು ಹೇಳಿದ್ದು ಇಷ್ಟು: “ನಾನು ಚೆನ್ನಾಗಿ ಓದದಿದ್ರೆ ಅವರ ದುಡ್ಡು ದಂಡ. ಓದೋಕೆ ಕೂತ್ರೆ ಅದೇ ನೆನಪಾಗುತ್ತೆ.” ಪ್ರತಿ ಅಂಕವೂ ಸಾಲದ ಕಂತಿನಂತೆ ಕಾಣತೊಡಗಿದ್ದರಿಂದ, ಕಂತು ತಪ್ಪುವ ಭಯಕ್ಕಿಂತ ಖಾತೆಯನ್ನೇ ಮುಚ್ಚುವುದು ಲೇಸೆಂದು ಅವಳ ಮನಸ್ಸು ತೀರ್ಮಾನಿಸಿತ್ತು. ಇದನ್ನು ಸೋಮಾರಿತನವೆಂದೋ ಕೃತಘ್ನತೆಯೆಂದೋ ಕರೆಯುವುದು ಅನ್ಯಾಯ. ಹದಿನಾಲ್ಕರ ವಯಸ್ಸಿನಲ್ಲಿ ಸಹಪಾಠಿಗಳ ಕಣ್ಣಿಗಿಂತ ದೊಡ್ಡ ನ್ಯಾಯಾಲಯವಿಲ್ಲ.

ತಾಯಿಯ ಆತಂಕವೇ ಬೇರೆ ಇತ್ತು. ಪರಿಶಿಷ್ಟ ಜಾತಿಗೆ ಸೇರಿದ ಈ ಕುಟುಂಬಕ್ಕೆ, ಚರ್ಚಿನ ಹಣ ಮುಟ್ಟಿದರೆ ಜಾತಿ ಪ್ರಮಾಣಪತ್ರ ಹೋಗುತ್ತದೆ, ಮಗಳನ್ನು ಮತಾಂತರ ಮಾಡುತ್ತಾರೆ ಎಂದು ಓಣಿಯವರು ಹೆದರಿಸಿದ್ದರು. ಇಲ್ಲಿ ಸಮಾಧಾನದ ಮಾತಿಗಿಂತ ಕಾನೂನಿನ ಮಾಹಿತಿಯೇ ಹೆಚ್ಚು ಕೆಲಸಕ್ಕೆ ಬಂತು. 1950ರ ಪರಿಶಿಷ್ಟ ಜಾತಿಗಳ ಆದೇಶದಂತೆ ಹಿಂದೂ, ಸಿಖ್, ಬೌದ್ಧ ಧರ್ಮದವರಿಗೆ ಮಾತ್ರ ಆ ಸ್ಥಾನಮಾನ ಎಂಬುದು ನಿಜ. ಆದರೆ ಧರ್ಮ ಬದಲಿಸುವುದು ಬೇರೆ, ಚರ್ಚಿನಿಂದ ನೋಟ್‌ಬುಕ್ ಪಡೆಯುವುದು ಬೇರೆ. ಸಂವಿಧಾನದ 28(3)ನೇ ವಿಧಿಯಂತೆ, ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಅಪ್ರಾಪ್ತ ವಯಸ್ಸಿನ ಮಗುವನ್ನು ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಕೂರಿಸುವಂತಿಲ್ಲ. ಈ ಶಾಲೆಯಲ್ಲಿಯೂ ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ ನಡೆಯುವಾಗ ಉಳಿದವರಿಗೆ ನೀತಿಪಾಠವಿತ್ತು. ಶಿಕ್ಷಣ ಹಕ್ಕು ಕಾಯ್ದೆಯಡಿ ನೋಟ್‌ಬುಕ್, ಶೂ ಎಲ್ಲ ಉಚಿತವಾಗಿ ಸಿಗದೇ ಎಂದೂ ತಾಯಿ ಕೇಳಿದ್ದರು. ಆ ಹಕ್ಕು 14 ವರ್ಷದವರೆಗಿನದು, ಅದೂ ಈ ಶಾಲೆಯಂತಹ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೇಳಿದೆ ಎಂದು ವಿವರಿಸಿದೆ.

ಹುಡುಗಿಗೆ ನಾನು ನೀಡಿದ ಸಲಹೆಯ ಮೊದಲ ಭಾಗ ಲೆಕ್ಕದ್ದು. ಅವಳ ಓದಿಗೆ ಸಿಗಬಹುದಾದದ್ದನ್ನೆಲ್ಲ ಒಂದು ಹಾಳೆಯಲ್ಲಿ ಅವಳಿಂದಲೇ ಎರಡು ಸಾಲು ಮಾಡಿಸಿದೆ: ಸರ್ಕಾರ ಕೊಡುವ ಪಠ್ಯಪುಸ್ತಕ, ಬಿಸಿಯೂಟ, ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಒಂದು ಕಡೆ, ಧರ್ಮಕೇಂದ್ರದ ನೆರವು ಇನ್ನೊಂದು ಕಡೆ. ಮೊದಲ ಸಾಲಿನಲ್ಲಿರುವುದಕ್ಕೆ ಅವಳು ಯಾರಿಗೂ ಋಣಿಯಲ್ಲ. ವಿದ್ಯಾರ್ಥಿವೇತನಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲವಾದ್ದರಿಂದ ಅದನ್ನು ಕೂಡಲೇ ಹಾಕಿಸಲು ತಾಯಿಗೆ ಹೇಳಿದೆ. ಏಳನೇ ತರಗತಿಯ ತಮ್ಮನಿಗೆ, ಎಂಟರಲ್ಲಿ ಬರೆಯುವ, ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕಾಗಿ ನಡೆಯುವ ಎನ್‌ಎಂಎಂಎಸ್ ಪರೀಕ್ಷೆಯ ಬಗ್ಗೆಯೂ ತಿಳಿಸಿದೆ. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿಯವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಎರಡನೆಯ ಸಾಲಿನ ನೆರವು ಮನೆಯ ಪರಿಸ್ಥಿತಿ ನೋಡಿ ಕೊಟ್ಟದ್ದೇ ಹೊರತು ಅಂಕ ನೋಡಿ ಕೊಟ್ಟದ್ದಲ್ಲ ಎಂಬುದನ್ನು ನನ್ನ ಬಾಯಿಂದಲ್ಲದೆ ಫಾದರ್ ಬಾಯಿಂದಲೇ ಅವಳು ಕೇಳಬೇಕೆಂದು ಏರ್ಪಾಡು ಮಾಡಿದೆ.

ತಾಯಿಯ ಒಪ್ಪಿಗೆ ಪಡೆದು ಫಾದರ್ ಮತ್ತು ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಅವರನ್ನು ಕಂಡಾಗ ಅವರು ನಿಜಕ್ಕೂ ನೊಂದುಕೊಂಡರು. ಹುಡುಗಿ ಸಂಜೆ ಕಾನ್ವೆಂಟಿನಲ್ಲಿ ಸಣ್ಣಪುಟ್ಟ ಕೆಲಸ ಮಾಡಿದರೆ ಬಿಟ್ಟಿ ಪಡೆದ ಭಾವ ಹೋಗಬಹುದೆಂದು ಸಿಸ್ಟರ್ ಸೂಚಿಸಿದರು. ಸದುದ್ದೇಶದ ಮಾತಾದರೂ ನಾನು ಬೇಡವೆಂದೆ. ಶುಲ್ಕ ಕಟ್ಟುವ ಮಕ್ಕಳು ಮಾಡದ ಕೆಲಸವನ್ನು ಇವಳು ಮಾಡಿದರೆ ಋಣದ ಭಾವ ಬಲಿಯುತ್ತದೆಯೇ ಹೊರತು ಕರಗುವುದಿಲ್ಲ. ವಿನ್ಸೆಂಟ್ ಸಭೆಯಲ್ಲಿ ಯಾರು ಎಷ್ಟು ಹಾಕಿದರೆಂದು ತಿಳಿಯದಂತೆ ಗುಟ್ಟಾಗಿ ಕಾಣಿಕೆ ಸಂಗ್ರಹಿಸುವ ಪದ್ಧತಿಯಿದೆ. ಕೊಟ್ಟವರಿಗೆ ತೋರುವ ಆ ಮರ್ಯಾದೆಯನ್ನು ಪಡೆದವರಿಗೂ ತೋರಬೇಕೆಂದು ಕೇಳಿಕೊಂಡೆ. ಹೆಸರು ಓದುವುದು, ಫೋಟೊ ತೆಗೆಯುವುದು ನಿಲ್ಲಬೇಕು. ಸಾಮಗ್ರಿ ಪೋಷಕರ ಕೈ ಸೇರಬೇಕು. ದಾನಿಗೆ ಶಾಲೆಯೇ ವರದಿ ಕಳುಹಿಸಬೇಕು, ಪತ್ರ ಬರೆಯುವುದು ಮಗುವಿನ ಇಚ್ಛೆಗೆ ಬಿಟ್ಟದ್ದಾಗಬೇಕು. ದಾನಿಗಳು ಫೋಟೊ ಕೇಳುತ್ತಾರೆ, ಕಳುಹಿಸದಿದ್ದರೆ ಮುಂದಿನ ವರ್ಷ ಹಣ ಬರುವುದು ಕಷ್ಟ ಎಂಬ ಫಾದರ್ ಅವರ ಮಾತು ಸುಳ್ಳಲ್ಲ. ಶಾಲಾ ಕಟ್ಟಡದ ಅಥವಾ ಇಡೀ ತರಗತಿಯ ಚಿತ್ರ ಕಳುಹಿಸಿ ನೋಡೋಣವೆಂದು ಒಪ್ಪಿದರು. ಫೋಟೊ ಇಲ್ಲದ ಕಾರಣಕ್ಕೆ ಒಬ್ಬ ದಾನಿ ಹಿಂದೆ ಸರಿದದ್ದೂ ಆಯಿತು. ಆ ಕೊರತೆಯನ್ನು ಧರ್ಮಕೇಂದ್ರವೇ ತುಂಬಿಕೊಂಡಿತು.

ಹುಡುಗಿ ಈಗ ಹತ್ತನೇ ತರಗತಿಯಲ್ಲಿದ್ದಾಳೆ. ಗಣಿತದಲ್ಲಿ ಇನ್ನೂ ಹಿಂದಿದ್ದಾಳೆ, ಗೈರುಹಾಜರಿ ಬಹಳ ಕಡಿಮೆಯಾಗಿದೆ, ಪತ್ರ ಬರೆದಿಲ್ಲ. ಧರ್ಮಕೇಂದ್ರದ ನೆರವು ಎಸ್‌ಎಸ್‌ಎಲ್‌ಸಿಗೆ ಮುಗಿಯುವುದರಿಂದ, ಪಿಯುಸಿಗೆ ಸರ್ಕಾರಿ ಕಾಲೇಜು ಮತ್ತು ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯ ಸೂಕ್ತವೆಂದು ಸೂಚಿಸಿದ್ದೇನೆ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಫಲಿತಾಂಶಕ್ಕೆ ಕಾಯದೆ ಈಗಲೇ ಮಾಡಿಸಿಟ್ಟುಕೊಳ್ಳುವಂತೆ ತಾಯಿಗೆ ತಿಳಿಸಿದ್ದೇನೆ.