ನಿರಾಕರಿಸಿದರೋ, ಜಾರಿಕೊಂಡರೋ?

ಮಾನ್ಯರೇ,

ಪತ್ರಿಕಾಗೋಷ್ಠಿಯ ವರದಿಗಳಲ್ಲಿ ನಾವು ಒಮ್ಮೆ ‘ಉತ್ತರಿಸಲು ನಿರಾಕರಿಸಿದರು’ ಎಂದೂ ಇನ್ನೊಮ್ಮೆ ‘ಜಾರಿಕೊಂಡರು’ ಎಂದೂ ಬರೆಯುತ್ತೇವೆ, ಎರಡೂ ಒಂದೇ ಅಲ್ಲವೇ ಎಂದು ಕೇಳಿದ್ದೀರಿ. ಅಲ್ಲ. ‘ಇದನ್ನು ಈಗ ಹೇಳುವುದಿಲ್ಲ’ ಎಂದವರು ಉತ್ತರ ಬಾಕಿ ಇದೆಯೆಂದು ಒಪ್ಪಿದಂತೆ. ಜಾರಿಕೊಳ್ಳುವವರು ಮಾತು ನಿಲ್ಲಿಸುವುದೇ ಇಲ್ಲ. ಪಕ್ಕದ ಪ್ರಶ್ನೆಗೆ ಉತ್ತರ ಕೊಟ್ಟು, ಕೇಳಿದ್ದಕ್ಕೇ ಕೊಟ್ಟಂತೆ ಕಾಣಿಸುತ್ತಾರೆ.

1997ರ ಮೇ 13ರಂದು ಬಿಬಿಸಿಯ ‘ನ್ಯೂಸ್‌ನೈಟ್’ ಟಿವಿ ಕಾರ್ಯಕ್ರಮದಲ್ಲಿ ನಿರೂಪಕ ಜೆರೆಮಿ ಪ್ಯಾಕ್ಸ್‌ಮನ್ ಬ್ರಿಟನ್ನಿನ ಮಾಜಿ ಗೃಹ ಸಚಿವ ಮೈಕೆಲ್ ಹೊವಾರ್ಡ್ ಅವರಿಗೆ ಒಂದೇ ಪ್ರಶ್ನೆಯನ್ನು ಹತ್ತಕ್ಕೂ ಹೆಚ್ಚು ಸಲ ಕೇಳಿದರು: ಕಾರಾಗೃಹಗಳ ಮುಖ್ಯಸ್ಥ ಡೆರೆಕ್ ಲೂಯಿಸ್ ಅವರ ತೀರ್ಮಾನವನ್ನು ತಳ್ಳಿಹಾಕುವುದಾಗಿ ಬೆದರಿಸಿದಿರಾ? ತಾವು ಆದೇಶ ಕೊಟ್ಟಿಲ್ಲ, ಕೊಡುವ ಅಧಿಕಾರವೂ ಇರಲಿಲ್ಲ ಎಂದರು ಹೊವಾರ್ಡ್. ಕೇಳಿದ್ದು ಬೆದರಿಕೆ, ಬಂದದ್ದು ಆದೇಶ. ಒಂದೇ ಸಲ ಕೇಳಿ ಬಿಟ್ಟಿದ್ದರೆ ಬಹುತೇಕರಿಗೆ ಇದು ಹೊಳೆಯುತ್ತಲೇ ಇರಲಿಲ್ಲ.

ಹಾಗಾಗಿ ಪ್ರಶ್ನೆಯ ಕ್ರಿಯಾಪದ, ಉತ್ತರದ ಕ್ರಿಯಾಪದ ಎರಡನ್ನೂ ಪಕ್ಕಪಕ್ಕ ಬರೆದು ನೋಡಿ. ‘ಯಾವಾಗ’ಕ್ಕೆ ತಾರೀಖು, ‘ಎಷ್ಟು’ಗೆ ಅಂಕಿ ಬಂದಿದೆಯೇ? ‘ಗೊತ್ತಿಲ್ಲ’ ಎಂಬುದೂ ಉತ್ತರವೇ. ಅದನ್ನು ಜಾರಿಕೆಯ ಖಾತೆಗೆ ಹಾಕಬೇಡಿ.

ತೊಡಕಿರುವುದು ‘ಪ್ರಕರಣ ನ್ಯಾಯಾಲಯದಲ್ಲಿದೆ’ ಎಂಬಲ್ಲಿ. ಕೋರ್ಟಿನ ಮುಂದಿರುವುದು ಟೆಂಡರಿನ ಸಿಂಧುತ್ವ, ನೀವು ಕೇಳಿದ್ದು ಬಿಲ್ ಪಾವತಿಯಾದ ತಾರೀಖು ಎಂದಾದರೆ ಅದು ನಿರಾಕರಣೆಯ ವೇಷದ ಜಾರಿಕೆ. ಅರ್ಜಿಯಲ್ಲಿ ಏನಿದೆಯೆಂದು ನೋಡದೆ ತೀರ್ಮಾನಿಸಬೇಡಿ.

ಬರಹದಲ್ಲಿ ಕೇಳಿದಾಗ ಗುರುತಿಸುವುದು ಸುಲಭ. 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ಅರ್ಜಿ ತಿರಸ್ಕರಿಸುವ ಅಧಿಕಾರಿ ಕಾರಣ, ಮೇಲ್ಮನವಿಯ ಅವಧಿ, ಮೇಲ್ಮನವಿ ಪ್ರಾಧಿಕಾರದ ವಿವರ ಮೂರನ್ನೂ ತಿಳಿಸಬೇಕು. ಕಾರಣವು, ಯಾವ ಮಾಹಿತಿ ಕೊಡದಿರಬಹುದು ಎಂದು ಹೇಳುವ ಕಲಂ 8 ಅಥವಾ 9ರೊಳಗೇ ಸಿಗಬೇಕು. ‘ಕಡತ ಪರಿಶೀಲನೆಯಲ್ಲಿದೆ’ ಎಂಬ ಒಂದು ಸಾಲಿನ ಪತ್ರ ಇದಾವುದೂ ಅಲ್ಲ. 30 ದಿನಗಳಲ್ಲಿ ನಿರ್ಧಾರ ಬಾರದಿದ್ದರೆ ಕಾನೂನು ಅದನ್ನು ನಿರಾಕರಣೆ ಎಂದೇ ಪರಿಗಣಿಸುತ್ತದೆ. ಅಲ್ಲಿಂದ 30 ದಿನಗಳೊಳಗೆ ಮೊದಲ ಮೇಲ್ಮನವಿ ಹಾಕಬಹುದು.

ಇನ್ನು, ಜಾರಲು ದಾರಿ ಮಾಡಿಕೊಡುವವರು ಎಷ್ಟೋ ಸಲ ಪತ್ರಕರ್ತರೇ. ‘ತಡ ಯಾಕೆ, ಹೊಣೆ ಯಾರು, ರಾಜೀನಾಮೆ ಕೊಡುತ್ತೀರಾ’ ಎಂದು ಒಂದೇ ಉಸಿರಿಗೆ ಕೇಳಿದರೆ ಎದುರಿನವರು ಸುಲಭದ್ದನ್ನು ಆರಿಸಿಕೊಳ್ಳುತ್ತಾರೆ. ಒಂದು ಸಲಕ್ಕೆ ಒಂದೇ ಪ್ರಶ್ನೆ ಇರಲಿ. ಉತ್ತರ ಬೇರೆಡೆ ಹೋದರೆ ಅದೇ ಪದಗಳಲ್ಲಿ ಮತ್ತೆ ಕೇಳಿ. ಆಮೇಲೂ ಹಾಗೇ ಆದರೆ ವರದಿಯಲ್ಲಿ ‘ಜಾರಿಕೊಂಡರು’ ಎಂಬ ತೀರ್ಪು ಬೇಡ. ಪ್ರಶ್ನೆ, ಉತ್ತರ ಎರಡನ್ನೂ ಇದ್ದಂತೆಯೇ ಅಚ್ಚು ಮಾಡಿದರೆ ಸಾಕು.

– ಸಂಪಾದಕ