ತಾರೀಕು ಹಿಂದಕ್ಕೆ ಹೋಗುತ್ತಿದ್ದರೆ ಮೊದಲು ಬ್ಯಾಟರಿ ನೋಡಿ

ನಮಸ್ಕಾರ. ರಾತ್ರಿ ಮೇನ್ ಸ್ವಿಚ್ ಆರಿಸಿ ಬೆಳಿಗ್ಗೆ ಹಾಕಿದರೆ ಕಂಪ್ಯೂಟರಿನ ತಾರೀಕು ಹಳೇ ವರ್ಷ ತೋರಿಸುತ್ತದೆ, ಬ್ಯಾಂಕಿನ ಸೈಟೂ ತೆರೆಯುವುದಿಲ್ಲ, ವಿಂಡೋಸ್ ಮತ್ತೆ ಹಾಕಿಸಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ, ಸುಮ್ನೆ ದುಡ್ಡು ದಂಡ.

ಮದರ್‌ಬೋರ್ಡ್ (ಕಂಪ್ಯೂಟರ್ ಒಳಗಿನ ಮುಖ್ಯ ಬೋರ್ಡ್) ಮೇಲೆ ನಾಣ್ಯದಂಥ ಬ್ಯಾಟರಿ ಇರುತ್ತದೆ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಅದು 3 ವೋಲ್ಟಿನ ಸಿಆರ್2032. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಅದೇ. ಸೈಟು ಅಸಲಿ ಎಂದು ತೋರಿಸುವ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ನಿಮ್ಮ ತಾರೀಕು ಅದರಾಚೆ ಇದ್ದರೆ ಬ್ರೌಸರ್ ತಡೆಯುತ್ತದೆ.

ಬಿಚ್ಚುವ ಮೊದಲು ಬಯೋಸ್ (ಕಂಪ್ಯೂಟರ್ ಹಾಕಿದಾಗ ಮೊದಲು ಓಡುವ ಪ್ರೋಗ್ರಾಂ) ಸೆಟ್ಟಿಂಗ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ. ಬ್ಯಾಟರಿ ತೆಗೆದರೆ ಅವು ಅಳಿಸಿಹೋಗಬಹುದು, ಇದನ್ನು ಮರೆಯಬೇಡಿ. ನಾನು ಫೋಟೋ ತೆಗೆದಿರಲಿಲ್ಲ. ಡಿಸ್ಕಿನ ಜೊತೆ ಹೇಗೆ ಮಾತಾಡಬೇಕು ಎಂದು ಹೇಳುವ ಸಾಟಾ ಮೋಡ್ ಎಂಬ ಸೆಟ್ಟಿಂಗ್ ಬದಲಾಗಿ ವಿಂಡೋಸ್ ಶುರುವಾಗಲೇ ಇಲ್ಲ, ಕಾರಣ ಹುಡುಕಲು ಅರ್ಧ ದಿನ ಹಿಡಿಯಿತು. ಆಮೇಲೆ ಪ್ಲಗ್ ಕಿತ್ತು, ಹಳೆಯದು ಕೂತಿದ್ದ ಹಾಗೆಯೇ ಹೊಸದನ್ನು ಕೂರಿಸಿ, ಬಯೋಸ್‌ನಲ್ಲಿ ತಾರೀಕು ಸರಿಪಡಿಸಿ.

ಹಾಂ, ವಿಂಡೋಸ್ ಜೊತೆ ಲಿನಕ್ಸ್ (ಇನ್ನೊಂದು ಆಪರೇಟಿಂಗ್ ಸಿಸ್ಟಂ) ಕೂಡ ಹಾಕಿಕೊಂಡಿದ್ದೀರಾ? ಸಮಯ ಸರಿಯಾಗಿ ಐದೂವರೆ ಗಂಟೆ ತಪ್ಪುತ್ತಿದ್ದರೆ ಬ್ಯಾಟರಿಯ ತಪ್ಪಲ್ಲ. ಮದರ್‌ಬೋರ್ಡಿನ ಗಡಿಯಾರವನ್ನು ಲಿನಕ್ಸ್ ಸಾಮಾನ್ಯವಾಗಿ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದು ಓದುತ್ತದೆ, ವಿಂಡೋಸ್ ನಮ್ಮ ಸಮಯ ಎಂದು. ಹಾಗಿದ್ದರೆ ತಿಳಿಸಿ, ಅದಕ್ಕೆ ಬೇರೆ ದಾರಿ ಇದೆ.