ರೆಕಾರ್ಡಿಂಗ್ ಸಾಫ್ಟ್‌ವೇರ್ ಹ್ಯಾಂಗ್ ಆದರೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಲೇಬೇಕಾ?

ನೀವು ಕೇಳಿದ್ದು ಇದು: ರೆಕಾರ್ಡ್ ಮಾಡುತ್ತಿರುವಾಗಲೇ ಸಾಫ್ಟ್‌ವೇರ್ ಹ್ಯಾಂಗ್ ಆಗುತ್ತದೆ, ವಿಂಡೋಸ್ ‘ನಾಟ್ ರೆಸ್ಪಾಂಡಿಂಗ್’ ಅನ್ನುತ್ತದೆ. ಬಲವಂತವಾಗಿ ಮುಚ್ಚಿ ಮತ್ತೆ ತೆರೆದರೆ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಸಿಗುವುದಿಲ್ಲ. ರೀಸ್ಟಾರ್ಟ್ ಮಾಡದೆ ದಾರಿ ಇದೆಯಾ?

ಇದೆ. ಹೆಚ್ಚಿನ ಸಲ ಸಿಕ್ಕಿಕೊಂಡಿರುವುದು ಕಂಪ್ಯೂಟರ್ ಅಲ್ಲ, ಒಂದು ಪ್ಲಗಿನ್ (ಸಾಫ್ಟ್‌ವೇರಿನೊಳಗೆ ಸೇರಿಸುವ ಎಫೆಕ್ಟ್‌ನಂಥ ಪುಟ್ಟ ಪ್ರೋಗ್ರಾಂ) ಅಥವಾ ಇಂಟರ್‌ಫೇಸಿನ ಡ್ರೈವರ್ (ಅದನ್ನು ವಿಂಡೋಸ್ ಜೊತೆ ಮಾತಾಡಿಸುವ ಪ್ರೋಗ್ರಾಂ). ಅದನ್ನಷ್ಟೇ ಬಿಡಿಸಿದರೆ ಸಾಕು. ನಾನು ಮನೆಯಲ್ಲೇ ಬೇರೆಯವರ ಹಾಡು ರೆಕಾರ್ಡ್ ಮಾಡಿಕೊಡುತ್ತೇನೆ. ಹಾಗಾಗಿ ನನಗೆ ಕಂಪ್ಯೂಟರಿಗಿಂತ ಆಗಷ್ಟೇ ಹಾಡಿದ ಟೇಕ್ ಮುಖ್ಯ. ಕೆಳಗೆ ಹೇಳುವುದೆಲ್ಲ ಅದನ್ನು ಉಳಿಸಿಕೊಳ್ಳುವ ಲೆಕ್ಕದಲ್ಲೇ ಇದೆ.

ಮೊದಲು ಮೌಸ್‌ನಿಂದ ಕೈ ತೆಗೆಯಿರಿ. ಹೆಡ್‌ಫೋನಿನಲ್ಲಿ ಒಂದೇ ಸದ್ದು ಗರ್‍ರ್ ಅಂತ ಸುತ್ತುತ್ತಿದ್ದರೆ ವಾಲ್ಯೂಮ್ ಇಳಿಸಿ, ಕಿವಿಗೆ ಪೆಟ್ಟು ಬೀಳುವುದು ಬೇಡ. ಒಂದು ವಿಂಡೋ ಸುಮಾರು 5 ಸೆಕೆಂಡ್ ಮಾರುತ್ತರ ಕೊಡದಿದ್ದರೆ ವಿಂಡೋಸ್ ಅದಕ್ಕೆ ‘ನಾಟ್ ರೆಸ್ಪಾಂಡಿಂಗ್’ ಹಣೆಪಟ್ಟಿ ಹಚ್ಚುತ್ತದೆ, ಅಷ್ಟೇ. ಸಾಫ್ಟ್‌ವೇರ್ ಸತ್ತಿದೆ ಅಂತ ಅದರ ಅರ್ಥ ಅಲ್ಲ. ಪರದೆ ಬಿಡಿಸುವ ಕೆಲಸ ಬೇರೆ, ಸದ್ದನ್ನು ಡಿಸ್ಕಿಗೆ ಬರೆಯುವ ಕೆಲಸ ಬೇರೆ. ಮೊದಲನೆಯದು ನಿಂತರೂ ಎರಡನೆಯದು ನಡೆಯುತ್ತಿರಬಹುದು.

ನಡೆಯುತ್ತಿದೆಯಾ ಅಂತ ನೋಡುವುದು ಸುಲಭ. ರಿಸೋರ್ಸ್ ಮಾನಿಟರ್ ತೆರೆದು ಡಿಸ್ಕ್ ಟ್ಯಾಬ್‌ಗೆ ಹೋಗಿ. ಯಾವ ಫೈಲಿಗೆ ಸೆಕೆಂಡಿಗೆ ಎಷ್ಟು ಬರೆಯಲಾಗುತ್ತಿದೆ ಅಂತ ಅಲ್ಲಿ ಕಾಣುತ್ತದೆ. 24 ಬಿಟ್, 48 ಕಿಲೋಹರ್ಟ್ಸ್‌ನ ಒಂದು ಮೋನೋ ಟ್ರ್ಯಾಕ್ ಅಂದರೆ ಸೆಕೆಂಡಿಗೆ 1,44,000 ಬೈಟ್. ನಿಮ್ಮ ವೇವ್ ಫೈಲಿನ ಎದುರು ಅದರ ಆಸುಪಾಸಿನ ಅಂಕಿ ಓಡುತ್ತಿದ್ದರೆ ರೆಕಾರ್ಡಿಂಗ್ ಜೀವಂತ ಇದೆ. ಹಾಡುವವರನ್ನು ನಿಲ್ಲಿಸಬೇಡಿ, ಹಾಡು ಮುಗಿಯಲಿ. ಫೋಲ್ಡರಿನಲ್ಲಿ ಕಾಣುವ ಫೈಲ್ ಸೈಜ್ ಮಾತ್ರ ನಂಬಬೇಡಿ, ಬರೆಯುತ್ತಿರುವ ಫೈಲಿಗೆ ಅದು ಎಷ್ಟೋ ಸಲ ಹಳೆಯ ಅಂಕಿಯನ್ನೇ ತೋರಿಸುತ್ತದೆ.

ಆಮೇಲೆ ಆಲ್ಟ್ ಮತ್ತು ಟ್ಯಾಬ್ ಒತ್ತಿ ನೋಡಿ. ಮುಖ್ಯ ವಿಂಡೋ ಹಿಂದೆ ಒಂದು ಸಣ್ಣ ಪೆಟ್ಟಿಗೆ ಅಡಗಿ ಕೂತಿರಬಹುದು: ಪ್ಲಗಿನ್ ಲೈಸೆನ್ಸ್ ಕೇಳುವುದೋ, ಡಿಸ್ಕ್ ತುಂಬಿದೆ ಅನ್ನುವುದೋ. ಅದಕ್ಕೆ ಉತ್ತರ ಕೊಡುವ ತನಕ ಸಾಫ್ಟ್‌ವೇರ್ ಕದಲುವುದಿಲ್ಲ. ಎಸ್ಕೇಪ್ ಒತ್ತಿದ ಕೂಡಲೇ ಎಲ್ಲ ಸರಿಯಾಗಿದ್ದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ.

ಅದೂ ಇಲ್ಲದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸಿಪಿಯು ಅಂಕಿ ನೋಡಿ. ಎಂಟು ಲಾಜಿಕಲ್ ಪ್ರೊಸೆಸರ್ ಇರುವ ಯಂತ್ರದಲ್ಲಿ ಅದು 12-13 ಶೇಕಡಕ್ಕೆ ಅಂಟಿಕೊಂಡಿದ್ದರೆ ಒಂದು ಕೋರ್ ಪೂರ್ತಿ ದುಡಿಯುತ್ತಿದೆ ಅಂತ. ಭಾರೀ ಕೆಲಸ ಇರಬಹುದು, ಇಲ್ಲವೇ ಪ್ಲಗಿನ್ ಸುತ್ತು ಹಾಕುತ್ತಿರಬಹುದು. ಒಂದೆರಡು ನಿಮಿಷ ಬಿಡಿ. ಸೊನ್ನೆ ಇದ್ದರೆ ಅದು ಯಾವುದಕ್ಕೋ ಕಾಯುತ್ತಿದೆ. ಯಾವುದಕ್ಕೆ? ಡೀಟೇಲ್ಸ್ ಟ್ಯಾಬ್‌ನಲ್ಲಿ ಸಾಫ್ಟ್‌ವೇರಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಅನಲೈಜ್ ವೇಟ್ ಚೈನ್’ ಆರಿಸಿ. ಈ ಆಯ್ಕೆ ಜಾಸ್ತಿ ಜನಕ್ಕೆ ಗೊತ್ತೇ ಇಲ್ಲ. ಕೆಳಗೆ ಬೇರೊಂದು ಪ್ರೋಗ್ರಾಂ ಹೆಸರು ಕಂಡರೆ, ಉದಾಹರಣೆಗೆ ಪ್ಲಗಿನ್ನಿನ ಲೈಸೆನ್ಸ್ ನೋಡಿಕೊಳ್ಳುವ ಸಹಾಯಕ ಪ್ರೋಗ್ರಾಂ, ಅದನ್ನು ಮಾತ್ರ ಮುಗಿಸಿ. ಎಷ್ಟೋ ಸಲ ಸಾಫ್ಟ್‌ವೇರ್ ಎಚ್ಚರವಾಗುತ್ತದೆ. ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಪ್ಲಗಿನ್ನನ್ನು ಬೇರೆ ಪ್ರೊಸೆಸ್ ಆಗಿ, ಅಂದರೆ ಪ್ರತ್ಯೇಕ ಪ್ರೋಗ್ರಾಂ ತರಹ, ಓಡಿಸುವ ಸೌಲಭ್ಯ ಇದೆ, ಬಿಟ್‌ವಿಗ್ ಸಾಫ್ಟ್‌ವೇರಿನಲ್ಲೂ ಇದೆ. ಅನುಮಾನ ಇರುವ ಪ್ಲಗಿನ್ನನ್ನು ಹಾಗೆ ಇಟ್ಟರೆ ಕೆಟ್ಟಾಗ ಅದೊಂದೇ ಹೋಗುತ್ತದೆ, ಪ್ರಾಜೆಕ್ಟ್ ಉಳಿಯುತ್ತದೆ.

ಸೊನ್ನೆಯಲ್ಲೇ ನಿಂತಿದೆ, ಡಿಸ್ಕಿಗೂ ಏನೂ ಬರೆಯುತ್ತಿಲ್ಲ ಅಂತಾದರೆ ಇಂಟರ್‌ಫೇಸಿನ ಯುಎಸ್‌ಬಿ ಕೇಬಲ್ ಕಿತ್ತುಬಿಡಿ. ಇದು ನನ್ನ ಮೆಚ್ಚಿನ ಉಪಾಯ. ಸಾಫ್ಟ್‌ವೇರ್ ‘ಮುಂದಿನ ಬಫರ್ (ಸದ್ದಿನ ಮುಂದಿನ ತುಣುಕು) ಕೊಡು’ ಅಂತ ಡ್ರೈವರಿಗೆ ಕೇಳಿ ಕೂತಿರುತ್ತದೆ, ಡ್ರೈವರ್ ಬಾಯಿ ಬಿಡುತ್ತಿರುವುದಿಲ್ಲ. ಸಾಧನವೇ ಮಾಯವಾದರೆ ಬಾಕಿ ಇದ್ದ ಕೋರಿಕೆಗಳು ರದ್ದಾಗುತ್ತವೆ. ಆಗ ಸಾಫ್ಟ್‌ವೇರ್ ‘ಸಾಧನ ಸಿಗುತ್ತಿಲ್ಲ’ ಅಂತ ದೂರುತ್ತಾ ಎದ್ದು ಕೂರುವ ಸಾಧ್ಯತೆ ಚೆನ್ನಾಗಿದೆ. ಎದ್ದ ತಕ್ಷಣ ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಕೇಬಲ್ ಆಮೇಲೆ ಹಾಕಿ. ಆದರೆ ಆಡಿಯೋ ಫೈಲುಗಳು ಎಕ್ಸ್‌ಟರ್ನಲ್ ಡ್ರೈವ್‌ನಲ್ಲಿದ್ದರೆ ಯಾವ ಕೇಬಲ್ ಯಾವುದು ಅಂತ ಎರಡು ಸಲ ನೋಡಿಯೇ ಕೀಳಿ.

ಇಷ್ಟಕ್ಕೂ ಬಗ್ಗದಿದ್ದರೆ ‘ಎಂಡ್ ಟಾಸ್ಕ್’ ಕೊಡಿ. ನಿಮ್ಮ ಪ್ರಶ್ನೆಯ ಎರಡನೇ ಭಾಗಕ್ಕೆ ಉತ್ತರ ಇಲ್ಲಿದೆ. ವಿಂಡೋ ಮಾಯವಾದರೂ ಪ್ರೊಸೆಸ್ ಡೀಟೇಲ್ಸ್ ಟ್ಯಾಬ್‌ನಲ್ಲಿ ಉಳಿದಿರಬಹುದು. ಅನೇಕ ಆಸಿಯೋ ಡ್ರೈವರ್‌ಗಳು (ರೆಕಾರ್ಡಿಂಗ್ ಸಾಫ್ಟ್‌ವೇರ್ ಇಂಟರ್‌ಫೇಸಿನ ಜೊತೆ ನೇರವಾಗಿ ಮಾತಾಡಲು ಬಳಸುವ ಡ್ರೈವರ್‌ಗಳು) ಒಂದು ಸಲಕ್ಕೆ ಒಂದೇ ಪ್ರೋಗ್ರಾಂಗೆ ಜಾಗ ಕೊಡುತ್ತವೆ, ಆ ಜಾಗ ಹಳೆಯ ಪ್ರೊಸೆಸ್ ಹಿಡಿದುಕೊಂಡಿರುತ್ತದೆ. ನೀವು ಮತ್ತೆ ತೆರೆದಾಗ ಇಂಟರ್‌ಫೇಸ್ ಸಿಗದಿರುವುದು ಬಹುಶಃ ಇದಕ್ಕೇ. ಡೀಟೇಲ್ಸ್‌ನಲ್ಲಿ ಆ ಹೆಸರು ಹುಡುಕಿ ‘ಎಂಡ್ ಪ್ರೊಸೆಸ್ ಟ್ರೀ’ ಕೊಡಿ, ಪ್ಲಗಿನ್ನಿನ ಉಪ ಪ್ರೊಸೆಸ್‌ಗಳೂ ಜೊತೆಗೇ ಹೋಗುತ್ತವೆ. ಇಂಟರ್‌ಫೇಸನ್ನು ಡಿವೈಸ್ ಮ್ಯಾನೇಜರ್‌ನಲ್ಲಿ ಒಮ್ಮೆ ಡಿಸೇಬಲ್ ಮಾಡಿ ಎನೇಬಲ್ ಮಾಡಿ. ವಿಂಡೋಸ್ ಆಡಿಯೋ ಸರ್ವಿಸ್ ರೀಸ್ಟಾರ್ಟ್ ಮಾಡಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಬ್ರೌಸರ್‌ನಲ್ಲಿಯೂ ಸದ್ದು ನಿಂತಿದ್ದರೆ ಅದು ಸರಿ. ಇಂಟರ್‌ಫೇಸಿನ ಸ್ವಂತ ಆಸಿಯೋ ಡ್ರೈವರ್ ಸಾಮಾನ್ಯವಾಗಿ ಆ ಸರ್ವಿಸ್ ದಾರಿಯಲ್ಲಿ ಹೋಗುವುದೇ ಇಲ್ಲ, ಹಾಗಾಗಿ ನಿಮಗೆ ಅದರಿಂದ ದೊಡ್ಡ ಪ್ರಯೋಜನ ಇರಲಾರದು.

ಮ್ಯಾಕ್‌ನಲ್ಲಿ ಆಕ್ಟಿವಿಟಿ ಮಾನಿಟರ್ ತೆರೆದು, ಸದ್ದು ನೋಡಿಕೊಳ್ಳುವ ‘ಕೋರ್‌ಆಡಿಯೋಡಿ’ ಪ್ರೊಸೆಸ್ ಮುಗಿಸಿದರೆ ಅದು ತಾನೇ ಮತ್ತೆ ಶುರುವಾಗುತ್ತದೆ. ಲಿನಕ್ಸ್‌ನಲ್ಲಿ ಸದ್ದು ನೋಡಿಕೊಳ್ಳುವ ಪೈಪ್‌ವೈರ್ ಮತ್ತು ವೈರ್‌ಪ್ಲಂಬರ್ ಸರ್ವಿಸ್‌ಗಳನ್ನು ರೀಸ್ಟಾರ್ಟ್ ಮಾಡಿದರೆ ಆಯಿತು.

ಸಾಫ್ಟ್‌ವೇರ್ ಮತ್ತೆ ತೆರೆಯುವ ಮುಂಚೆ, ದಯವಿಟ್ಟು, ಪ್ರಾಜೆಕ್ಟ್ ಫೋಲ್ಡರನ್ನು ಹಾಗೇ ಬೇರೆ ಕಡೆ ಕಾಪಿ ಮಾಡಿ. ಕೆಲವು ಸಾಫ್ಟ್‌ವೇರ್ ತೆರೆದ ಕೂಡಲೇ ಹಳೆಯ ತಾತ್ಕಾಲಿಕ ಫೈಲುಗಳನ್ನು ಗುಡಿಸಿಹಾಕುತ್ತವೆ. ನಿಮ್ಮದು ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್, ಅದೂ 3.0ರಿಂದ ಈಚಿನದಾದರೆ ಪ್ರಾಜೆಕ್ಟ್ ಫೈಲಿನ ಪಕ್ಕದಲ್ಲೇ ಅದೇ ಹೆಸರಿನ, ಕೊನೆಗೆ ‘ಡಬ್ಲ್ಯುಎಎಲ್’ ಅಂತ ಇರುವ ಫೈಲ್ ಕಾಣಬಹುದು. ಕಸ ಅಂತ ಅಳಿಸಬೇಡಿ, ಇತ್ತೀಚಿನ ರೆಕಾರ್ಡಿಂಗ್ ಅದರಲ್ಲೇ ಇರಬಹುದು.

ವೇವ್ ಫೈಲ್ ನೂರಾರು ಎಂಬಿ ಇದೆ, ಪ್ಲೇ ಮಾಡಿದರೆ ಉದ್ದ ಸೊನ್ನೆ ಅನ್ನುತ್ತದೆ. ಇದು ನೋಡಿ ಗಾಬರಿ ಬೇಡ. ಫೈಲಿನ ತಲೆಯಲ್ಲಿ ‘ಮುಂದೆ ಇಷ್ಟು ಬೈಟ್ ಸದ್ದಿದೆ’ ಅಂತ ಬರೆದಿಡುವ ಜಾಗ ಇದೆ. ಹಲವು ಸಾಫ್ಟ್‌ವೇರ್‌ಗಳು ಅದನ್ನು ಸ್ಟಾಪ್ ಒತ್ತಿದ ಮೇಲೇ ತುಂಬುತ್ತವೆ. ಮಧ್ಯದಲ್ಲಿ ಕೊಂದರೆ ಅಂಕಿ ಖಾಲಿ, ಸದ್ದು ಮಾತ್ರ ಅಲ್ಲೇ ಇದೆ. ಆಡಾಸಿಟಿಯಲ್ಲಿ ಫೈಲ್, ಇಂಪೋರ್ಟ್, ರಾ ಡೇಟಾ ಅಂತ ಹೋಗಿ. 24 ಬಿಟ್ ಪಿಸಿಎಂ, ಲಿಟಲ್ ಎಂಡಿಯನ್, ಮೋನೋ, ನಿಮ್ಮ ಸ್ಯಾಂಪಲ್ ರೇಟ್, ಸ್ಟಾರ್ಟ್ ಆಫ್‌ಸೆಟ್ 44 ಕೊಡಿ. ಬರೀ ಗದ್ದಲ ಕೇಳಿಸಿದರೆ ಆಫ್‌ಸೆಟ್ 45, 46 ಮಾಡಿ ನೋಡಿ. 24 ಬಿಟ್‌ನಲ್ಲಿ ಒಂದು ಸ್ಯಾಂಪಲಿಗೆ 3 ಬೈಟ್, ಒಂದು ಬೈಟ್ ಜರುಗಿದರೂ ಸ್ವರ ಕೆಡುತ್ತದೆ. ಮೂರರಲ್ಲಿ ಒಂದು ಕೂಡುತ್ತದೆ, ಗದ್ದಲದ ಜಾಗದಲ್ಲಿ ಥಟ್ಟನೆ ಹಾಡು ಕೇಳಿಸುತ್ತದೆ. ಶುರುವಿನಲ್ಲಿ ಚಿಕ್ಕ ಪಟಕ್ ಸದ್ದು ಉಳಿದರೆ ಕತ್ತರಿಸಿ.

ಪ್ರಾಜೆಕ್ಟ್ ತೆರೆಯುವಾಗ ಪ್ಲಗಿನ್ ಇಲ್ಲದೆ ತೆರೆಯಿರಿ, ಇಲ್ಲದಿದ್ದರೆ ಅದೇ ಜಾಗದಲ್ಲಿ ಮತ್ತೆ ಸಿಕ್ಕಿಬೀಳುತ್ತೀರಿ. ರೀಪರ್‌ನ ಓಪನ್ ಪೆಟ್ಟಿಗೆಯಲ್ಲೇ ಎಫೆಕ್ಟ್‌ಗಳನ್ನು ಆಫ್‌ಲೈನ್ ಇಟ್ಟು ತೆರೆಯುವ ಆಯ್ಕೆ ಇದೆ. ಮ್ಯಾಕ್‌ನ ಲಾಜಿಕ್ ಸಾಫ್ಟ್‌ವೇರಿನಲ್ಲಿ ಕಂಟ್ರೋಲ್ ಕೀ ಹಿಡಿದು ಪ್ರಾಜೆಕ್ಟ್ ತೆರೆದರೆ ಆಡಿಯೋ ಶುರು ಮಾಡಬೇಕಾ ಅಂತ ಕೇಳುತ್ತದೆ, ಬೇಡ ಅನ್ನಿ.

ರೀಸ್ಟಾರ್ಟ್ ಬೇಕೇ ಬೇಕಾಗುವ ಸಂದರ್ಭ ಒಂದಿದೆ. ಕೇಬಲ್ ಕಿತ್ತಾಗಿದೆ, ಎಂಡ್ ಟಾಸ್ಕ್ ಕೊಟ್ಟಾಗಿದೆ, ಆದರೂ ಡೀಟೇಲ್ಸ್‌ನಲ್ಲಿ ಆ ಹೆಸರು ಹೋಗುತ್ತಿಲ್ಲ. ಆಗ ಅದು ಡ್ರೈವರಿನ ಒಳಗೇ, ವಿಂಡೋಸ್ ಕರ್ನಲ್‌ನಲ್ಲಿ (ವಿಂಡೋಸಿನ ತಿರುಳಿನಲ್ಲಿ) ಸಿಕ್ಕಿಕೊಂಡಿದೆ, ಹೊರಗಿನಿಂದ ಬಿಡಿಸಲು ಬರುವುದಿಲ್ಲ. ಆಗಲೂ ಶಟ್ ಡೌನ್ ಮಾಡಿ ಆನ್ ಮಾಡಬೇಡಿ. ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ವಿಂಡೋಸ್ ಕರ್ನಲ್ ಮತ್ತು ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕಿಗೆ ಉಳಿಸಿಟ್ಟು ಅದನ್ನೇ ವಾಪಸ್ ತರುತ್ತದೆ. ಮೆನುವಿನಲ್ಲಿ ‘ರೀಸ್ಟಾರ್ಟ್’ ಅನ್ನುವುದನ್ನೇ ಆರಿಸಿ, ಆಗ ಡ್ರೈವರ್ ಹೊಸದಾಗಿ ಲೋಡ್ ಆಗುತ್ತದೆ.